ಒಳ್ಳೇ ಕಾಲಿಗೆ ಕಟ್ಟು

ನನ್ನ ಮಂಡಿ ಮುರಿದವನು ಬಂಗಾರಪೇಟೆಯ ಮುನಿರಾಜ್ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಕಥೆಗೆ ಒಬ್ಬ ವಿಲನ್ ಬೇಕಲ್ಲ. ಆ ಕೆಲಸಕ್ಕೆ ಬೇಕಾದ ಅರ್ಹತೆಯೆಲ್ಲ ಮುನಿರಾಜನಿಗಿತ್ತು. ಬಾಗಿಲಿನಷ್ಟು ಅಗಲ, ಕಂಬದಷ್ಟು ಎತ್ತರ, ನಕ್ಕರೆ ಒಂದೇ ಕಡೆ ನಗುವ ಬಾಯಿ. ಸಂಕ್ರಾಂತಿಯ ಕಬಡ್ಡಿ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ನಾನು ರೈಡಿಗೆ ಹೋದೆ, ಅವನು ಎಡಮೂಲೆಯಿಂದ ಹಾರಿದ, ನನ್ನ ಕಾಲು ಹಿಡಿದು ಒಗೆದ ಬಟ್ಟೆ ಹಿಂಡುವ ಹಾಗೆ ಹಿಂಡಿದ, ಟಪ್ ಎಂದು ಸದ್ದಾಯಿತು, ಇಂಟರ್ವೆಲ್. ಹೀಗೆ ಹೇಳುತ್ತಿದ್ದೆ. ಪ್ರತಿ ಸಲ ಹೇಳುವಾಗಲೂ ಮುನಿರಾಜ್ ಒಂದೊಂದು ಇಂಚು ಬೆಳೆಯುತ್ತಿದ್ದ.

ಈ ಕಥೆಯ ಕುತ್ತಿಗೆ ಹಿಚುಕಿದವರು ಅನು ಮೇಡಂ. ಆ ಮ್ಯಾಚನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದನ್ನು ಅವರು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು, ರಾಬರ್ಟ್‌ಸನ್‌ಪೇಟೆಯ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿ, ಸ್ಲೋ ಮೋಷನ್‌ನಲ್ಲಿ ಓಡಿಸಿದರು. ಸ್ಲೋ ಮೋಷನ್ ಎಂದರೆ ಹೀರೋ ಎಂಟ್ರಿ ಎಂದುಕೊಂಡು ನಾನು ಕಾಲರ್ ಸರಿಮಾಡಿಕೊಂಡೆ.

"ಮುನಿರಾಜ್ ಕೈ ಎಲ್ಲಿದೆ ನೋಡು," ಎಂದರು.

ಕೈ ಗಾಳಿಯಲ್ಲಿತ್ತು. ಆ ಕೈಗೂ ನನ್ನ ಕಾಲಿಗೂ ನಡುವೆ ಒಂದು ಎಮ್ಮೆ ಮಲಗಬಹುದಾಗಿತ್ತು. ಪರದೆಯ ಮೇಲಿನ ನಾನು ಅವನಿಂದ ತಪ್ಪಿಸಿಕೊಂಡು ಹಾರಿದ್ದೆ. ಹಾರಿದವನು ಸುಮ್ಮನೆ ಇಳಿಯದೆ, ಜನರ ಕಡೆ ಮುಖ ತಿರುಗಿಸಿ ಏನೋ ಡೈಲಾಗ್ ಬಿಡುತ್ತಿದ್ದೆ. ಎಡಗಾಲು ಬೇಲಿ ಗೂಟದ ಹಾಗೆ ನೆಟ್ಟಗೆ ನೆಲಕ್ಕಿಳಿಯಿತು, ಮಂಡಿ ಒಳಕ್ಕೆ ವಾಲಿತು, ನಾನು ಬಿದ್ದೆ. ಮುನಿರಾಜ್ ಬಂದು ನನ್ನ ಮೇಲೆ ಬಿದ್ದದ್ದು ಆಮೇಲೆ.

"ಯಾರೂ ಮುಟ್ಟಿಲ್ಲ ವೇಣು. ನಾನು ನೋಡಿರೋ ಮಂಡಿಗಳಲ್ಲಿ ಎಷ್ಟೋ ಹೀಗೇ ಹೋಗಿರೋದು, ಇಳಿಯೋವಾಗ. ವಿಲನ್ ಇಲ್ದೇನೇ."

"ಎಲ್ಲೋ ಎಡಿಟಿಂಗ್ ಆಗೈತೆ ಮೇಡಂ. ಇನ್ನೊಂದ್ಸಲ ಆಕಿ."

ಅವರು ಹಾಕಿದರು. ಆಗಲೂ ಎಮ್ಮೆಗೆ ಜಾಗವಿತ್ತು.

ಅನು ಮೇಡಂ ಹಾವೇರಿ ಕಡೆಯವರು. ಅವರಪ್ಪ ಶಿವಪ್ರಸಾದ್ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದುದರಿಂದ ಇವರು ಬೆಳೆದದ್ದು ಇಲ್ಲಿನ ಕ್ವಾರ್ಟರ್ಸ್‌ನಲ್ಲಿ. ಫಿಸಿಯೋಥೆರಪಿ ಓದಿ, ಈಗ ಕಬಡ್ಡಿ ಆಡುವವರ ಮಂಡಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ. ಮಂಡಿ ಯಾಕೆ ಹೋಗುತ್ತದೆ, ಹೋಗದ ಹಾಗೆ ಏನು ಮಾಡಬೇಕು, ಹೋದದ್ದನ್ನು ಹೇಗೆ ಮೈದಾನಕ್ಕೆ ವಾಪಸು ಕರೆತರಬೇಕು, ಇದು ಅವರ ವಿಷಯ. ನನ್ನ ಕಾಲು ಮುರಿಯುವುದಕ್ಕೆ ಮುಂಚೆಯೇ ಅವರು ಬೂದಿಕೋಟೆ ಹತ್ತಿರದ ನಮ್ಮೂರಿಗೆ ಒಂದು ಟೇಪು, ಒಂದು ಡಬ್ಬಿ ಬಿಳಿ ಬಣ್ಣ ಹಿಡಿದುಕೊಂಡು ಬಂದಿದ್ದರು. ಹಾಲಿನ ಡೈರಿಯ ಮುಂದಿನ ಸಿಮೆಂಟ್ ಅಂಗಳದಲ್ಲಿ ನಮ್ಮ ಟೀಮಿನವರನ್ನೆಲ್ಲ ಒಂಟಿಕಾಲಿನಲ್ಲಿ ಹಾರಿಸಿ, ಯಾರು ಎಲ್ಲಿ ಇಳಿದರೋ ಅಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೆಸರು ಬರೆದರು. ನನ್ನ ಬಲಗಾಲಿನ ಗೆರೆ ಎಲ್ಲರಿಗಿಂತ ಮುಂದಿತ್ತು. ಆ ಗೆರೆಯ ಮೇಲೆ ನಿಂತು ಪ್ರಮಾಣವಚನ ಸ್ವೀಕರಿಸಿದ್ದು ನನಗೆ ನೆನಪಿದೆ.

ಆಮೇಲೆ ಆಟಕ್ಕೆ ಮುಂಚೆ ಮಾಡಬೇಕಾದ ಕಸರತ್ತು ಕಲಿಸಿದರು. ಒಂಟಿಕಾಲಿನಲ್ಲಿ ನಿಲ್ಲಬೇಕು, ಹಾರಬೇಕು, ಇಳಿಯುವಾಗ ಮಂಡಿ ಮಡಿಸಿ ಸದ್ದಾಗದ ಹಾಗೆ ಮೆತ್ತಗೆ ಇಳಿಯಬೇಕು. ನಾನು ಅದಕ್ಕೆ ಕೋಳಿ ಡ್ಯಾನ್ಸ್ ಎಂದು ಹೆಸರಿಟ್ಟೆ. ಕೋಚ್ ಮುನೀಂದ್ರಣ್ಣನ ಭಯಕ್ಕೆ ಉಳಿದವರು ಮಾಡುತ್ತಿದ್ದರು. ನನಗೆ ಮಾತ್ರ ಸರಿಯಾಗಿ ಆ ಹೊತ್ತಿಗೇ ಬಾಯಾರಿಕೆಯಾಗುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಒಂದು ದಿನ ಪಂಚಾಯ್ತಿ ಅಧ್ಯಕ್ಷರ ದನಿಯಲ್ಲಿ ಮೇಡಂಗೆ ಫೋನ್ ಮಾಡಿ, ನಮ್ಮ ವ್ಯಾಪ್ತಿಯ ಮಂಡಿಗಳನ್ನು ಅಳೆಯಲು ಅನುಮತಿ ಪಡೆದಿದ್ದೀರಾ, ಮಂಡಿಗೊಂದು ಅರ್ಜಿ ಕೊಡತಕ್ಕದ್ದು ಎಂದೆ. ಪಾಪ, ಅವರು ಕೂತು ಎಡಮಂಡಿಗೊಂದು ಬಲಮಂಡಿಗೊಂದು ಅರ್ಜಿ ಬರೆದುಕೊಂಡು ಪಂಚಾಯ್ತಿ ಆಫೀಸಿಗೆ ಹೋದರು. ಅಧ್ಯಕ್ಷರು ನಕ್ಕ ರಭಸಕ್ಕೆ ಅರ್ಜಿಗಳ ಮೇಲೆಲ್ಲ ಟೀ ಚೆಲ್ಲಿತಂತೆ. ಮಾಡಿದ್ದು ಯಾರೆಂದು ಗೊತ್ತಾದ ಮೇಲೂ ಮೇಡಂ ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, "ಆಯ್ತು ವೇಣು, ನೆನಪಿಟ್ಕೋತೀನಿ," ಎಂದರು. ಇಂಥ ಡೈಲಾಗನ್ನು ಮೆತ್ತಗೆ ಹೇಳುವವರ ಹತ್ತಿರ ಹುಷಾರಾಗಿರಬೇಕೆಂದು ನನಗೆ ತಿಳಿದಿರಬೇಕಿತ್ತು.

ಶಿವರಾತ್ರಿ ಕಳೆದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮಂಡಿಯೊಳಗೆ ಹರಿದುಹೋದ ಲಿಗಮೆಂಟಿನ ಜಾಗಕ್ಕೆ ನನ್ನದೇ ತೊಡೆಯಿಂದ ಒಂದು ಎಳೆ ತೆಗೆದು ಕೂರಿಸಿದರು. ಮತ್ತೆ ಆಡಲು ಕನಿಷ್ಠ ಒಂಬತ್ತು ತಿಂಗಳು ಎಂದರು ಅನು ಮೇಡಂ. ಅವಸರಪಟ್ಟು ಇಳಿದವರು ಮತ್ತೆ ಅದೇ ಟೇಬಲ್ ಮೇಲೆ ಮಲಗುವುದು ಜಾಸ್ತಿ, ಕಾದು ಕಾಲಿಗೆ ಬಲ ತುಂಬಿಸಿಕೊಂಡವರು ಮಲಗುವುದು ಕಡಿಮೆ, ಇದು ಬೇರೆ ಬೇರೆ ದೇಶಗಳಲ್ಲಿ ನೋಡಿ ಕಂಡುಕೊಂಡ ವಿಷಯ ಎಂದು ವಿವರಿಸಿದರು. ಮನೆಗೆ ಬಂದು ಅಮ್ಮನ ಹತ್ತಿರ ಗೋಳಾಡಿದೆ. ನಮ್ಮಮ್ಮ ಆದಿಲಕ್ಷ್ಮಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ನಿನ್ನ ಒಂಬತ್ತು ತಿಂಗ್ಳು ಒತ್ತಿದೀನಿ, ಒಂದಿನ ಬ್ಯಾಸ್ರ ಅಂದಿಲ್ಲ. ನಿನ್ ಕಾಲ್ನ ನೀನು ಒಂಬತ್ತು ತಿಂಗ್ಳು ಒರಕ್ಕಾಗಕಿಲ್ವೇನ್ಲಾ?"

ಹೊತ್ತೆ. ವಾರವಾರ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋಗಿ, ರಬ್ಬರ್ ಪಟ್ಟಿ ಎಳೆದೆ, ಮೆಟ್ಟಿಲು ಹತ್ತಿ ಇಳಿದೆ, ನಗೆಪಾಟಲು ಮಾಡಿದ್ದ ಅದೇ ಕೋಳಿ ಡ್ಯಾನ್ಸನ್ನು ಗೋಡೆ ಹಿಡಿದುಕೊಂಡು ಕಲಿತೆ. ಪ್ರತಿ ತಿಂಗಳೂ ಮೇಡಂ ತಮ್ಮ ಸಂಶೋಧನೆಗೆಂದು ಕೆಲವು ಪ್ರಶ್ನೆ ಕೇಳುತ್ತಿದ್ದರು. ಮತ್ತೆ ಆಡಬೇಕೆಂದರೆ ಎಷ್ಟು ಭಯವಾಗುತ್ತದೆ, ಸೊನ್ನೆಯಿಂದ ಹತ್ತರೊಳಗೆ ಹೇಳು ಎನ್ನುವುದು ಅದರಲ್ಲೊಂದು. ಭಯ ನನ್ನನ್ನು ನೋಡಿ ಊರು ಬಿಟ್ಟು ಹೋಯಿತು ಮೇಡಂ, ಅಡ್ರೆಸ್ ಕೂಡ ಕೊಟ್ಟಿಲ್ಲ ಎನ್ನುತ್ತಿದ್ದೆ. ಅವರು ನಿಟ್ಟುಸಿರು ಬಿಟ್ಟು ಸೊನ್ನೆ ಹಾಕಿಕೊಳ್ಳುತ್ತಿದ್ದರು.

ಮುಂದಿನ ಸಂಕ್ರಾಂತಿಗೆ ಬಂಗಾರಪೇಟೆಯಲ್ಲಿ ಮತ್ತೆ ಟೂರ್ನಮೆಂಟ್. ಅದರಲ್ಲಿ ಆಡಬೇಕು. ನನಗೆ ಬೇಕಾಗಿದ್ದು ಅದೊಂದೇ. ಊರಿನಲ್ಲಿ ನಾನು ಬೇರೆಯವರ ದನಿಯಲ್ಲಿ ಮಾತಾಡುವ ಹುಡುಗ, ಕಂಡರೆ ಜನ ನಗುತ್ತಾರೆ, ನಕ್ಕು ಮುಂದೆ ಹೋಗುತ್ತಾರೆ. ಮೈದಾನದಲ್ಲಿ ಮಾತ್ರ ನನ್ನ ಬಾಯಿ ಹೇಳಿದ್ದಕ್ಕೆ ನನ್ನ ಕಾಲು ಸಾಕ್ಷಿ ನಿಲ್ಲುತ್ತಿತ್ತು.

ಮುನೀಂದ್ರಣ್ಣ ಡೈರಿಯಲ್ಲಿ ಹಾಲು ಅಳೆಯುವವನು. ಮನುಷ್ಯರನ್ನೂ ಹಾಗೇ ಅಳೆಯುತ್ತಾನೆ, ನೀರು ಬೆರೆತಿದ್ದರೆ ಮುಖ ನೋಡಿಯೇ ಹೇಳುತ್ತಾನೆ. ದೀಪಾವಳಿಗೆ ಟೀಮಿನ ಹನ್ನೆರಡು ಜನರನ್ನು ಗೊತ್ತು ಮಾಡುತ್ತೇನೆ ಎಂದ. ಮೇಡಂ ಹೂಂ ಎಂದರೆ ನನ್ನ ಹೆಸರು, ಇಲ್ಲವೆಂದರೆ ಗೋಪಾಲ್ ನನ್ನ ಜಾಗಕ್ಕೆ ರೈಡರ್, ನಾನು ಮುಂದಿನ ವರ್ಷ ನೋಡಿಕೊಳ್ಳಬಹುದು. ಗೋಪಾಲ್ ಆಗಲೇ ನನ್ನ ಜಾಗದಲ್ಲಿ ರೈಡಿಗೆ ಹೋಗುತ್ತಿದ್ದ. ಅದನ್ನು ಸಹಿಸಿಕೊಂಡಿದ್ದೆ. ಆದರೆ ನನ್ನ ಡೈಲಾಗುಗಳನ್ನೂ ಹೇಳುತ್ತಿದ್ದ, ಅದೂ ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ದನಿಯಲ್ಲಿ. ಅದನ್ನು ಯಾವ ಕಲಾವಿದನೂ ಸಹಿಸಲಾರ.

ಮೇಡಂ ಹೂಂ ಎನ್ನಬೇಕಾದರೆ ಒಂಟಿಕಾಲಿನಲ್ಲಿ ಹಾರಿ ತೋರಿಸಬೇಕು. ಬಲಗಾಲು ಹಾರುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲಾದರೂ ಎಡಗಾಲು ಹಾರಬೇಕು. ದಸರಾದಲ್ಲಿ ಒಂದು ಸಲ ನೋಡಿದಾಗ ಎಡಗಾಲು ಒಂದು ಮೊಳಕ್ಕೂ ಹೆಚ್ಚು ಹಿಂದೆ ಬಿದ್ದಿತ್ತು. ಬಲ ಬಂದಿದೆ, ಯಂತ್ರದಲ್ಲಿ ನೋಡಿದರೆ ಚೆನ್ನಾಗಿಯೇ ತಳ್ಳುತ್ತೀಯ, ಹಾರುವಾಗ ಮಾತ್ರ ಯಾಕೆ ಹೀಗೆ ಎಂದು ಮೇಡಂ ತಲೆ ಕೆರೆದುಕೊಂಡರು. ನಾನೂ ಕೆರೆದುಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ಐಡಿಯಾ ಬಂತು. ಎಡಗಾಲನ್ನು ಮುಂದಕ್ಕೆ ತಳ್ಳಲು ಆಗುತ್ತಿಲ್ಲ. ಬಲಗಾಲನ್ನು ಹಿಂದಕ್ಕೆ ಎಳೆದರೆ? ಮೇಡಂ ನೋಡುವುದು ಒಂದಕ್ಕೆ ಇನ್ನೊಂದು ಎಷ್ಟು ಸಮ ಅಂತ ತಾನೇ. ಇಷ್ಟು ಸುಲಭದ ಲೆಕ್ಕ ಇಷ್ಟು ಓದಿದವರಿಗೆ ಹೊಳೆದಿಲ್ಲವಲ್ಲ ಎಂದು ಒಬ್ಬನೇ ನಕ್ಕೆ. ಪಕ್ಕದ ಸೀಟಿನ ಅಜ್ಜಿ ತನ್ನ ಬುಟ್ಟಿಯನ್ನು ಆಚೆ ಸರಿಸಿಕೊಂಡಳು.

ದೀಪಾವಳಿಯ ಹಿಂದಿನ ದಿನ ಡೈರಿಯ ಅಂಗಳದಲ್ಲಿ ಟೆಸ್ಟು. ಟೀಮಿನವರೆಲ್ಲ ಸೇರಿದ್ದರು. ನಾನು ನನ್ನ ಜೀವಮಾನದ ಅಭಿನಯ ಕೊಟ್ಟೆ. ಬಲಗಾಲಿನ ಮೇಲೆ ನಿಂತು, ಉಸಿರು ಎಳೆದು, ಹಲ್ಲು ಕಚ್ಚಿ, ಬೆಟ್ಟ ಎತ್ತುವವನ ಮುಖ ಮಾಡಿ, ಅಬ್ಬಾ ಎಂದು ಕೂಗಿ, ಪುಟ್ಟದಾಗಿ ಹಾರಿದೆ. ಬಾಯಿ ಹಾರಿದಷ್ಟು ಕಾಲು ಹಾರಲಿಲ್ಲ. ಆಮೇಲೆ ಎಡಗಾಲಿನಲ್ಲಿ ಹಾರಿದೆ. ಹೆಚ್ಚು ಕಡಿಮೆ ಅಲ್ಲೇ ಇಳಿದೆ. ಹುಡುಗರು ಶಿಳ್ಳೆ ಹಾಕಿದರು. ಗೋಪಾಲ್ ಮುಖ ಸಣ್ಣದಾಯಿತು.

ಅನು ಮೇಡಂ ಚಪ್ಪಾಳೆ ತಟ್ಟಲಿಲ್ಲ. ನಾನು ಇಳಿದ ಜಾಗ ದಾಟಿ, ಇನ್ನಷ್ಟು ಮುಂದೆ ಹೋಗಿ ಒಂದು ಕಡೆ ನಿಂತು, ತಮ್ಮ ಚಪ್ಪಲಿಯನ್ನೇ ನೋಡಿಕೊಂಡರು. ಅಲ್ಲೇನಿದೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಒಂದು ವರ್ಷ ಹಾಲಿನ ಕ್ಯಾನುಗಳನ್ನು ಎಳೆದಾಡಿ ಆ ಬಿಳಿ ಗೆರೆಗಳು ಮಾಸಿದ್ದವು, ನನ್ನ ತಲೆಯಲ್ಲಂತೂ ಪೂರ್ತಿ ಅಳಿಸಿಹೋಗಿದ್ದವು. ಅವರು ನಿಂತಿದ್ದದ್ದು ನಾನು ಪ್ರಮಾಣವಚನ ಸ್ವೀಕರಿಸಿದ ಗೆರೆಯ ಮೇಲೆ.

ತಲೆ ಎತ್ತಿದಾಗ ಅವರ ಮುಖದಲ್ಲಿ ನಗುವಿನ ಒಂದು ಎಳೆಯೂ ಇರಲಿಲ್ಲ.

"ವೇಣು, ಎಡಗಾಲು ಪರವಾಗಿಲ್ಲ. ನನಗೀಗ ನಿನ್ನ ಬಲಗಾಲಿಂದೇ ಚಿಂತೆ. ಆಪರೇಷನ್ ಇಲ್ಲ, ಪೆಟ್ಟಿಲ್ಲ, ಆದರೂ ಒಂದು ಮೊಳ ಕಳ್ಕೊಂಡಿದೆ. ಇಂಥ ಕೇಸು ನಾನು ನೋಡೇ ಇಲ್ಲ. ನೀನೇನಾದರೂ ಹೇಳೋದಿದೆಯಾ?"

ಹೇಳಿಬಿಡಬಹುದಿತ್ತು. ನಿಜ ಹೇಳಿದರೆ ಮೋಸಗಾರ, ಹೇಳದಿದ್ದರೆ ರೋಗಿ. ಸುತ್ತಲೂ ಟೀಮೇ ನಿಂತಿತ್ತು. ನಾನು ಹಣೆಗೆ ಕೈ ಇಟ್ಟುಕೊಂಡು, ಕೆಲವು ದಿನಗಳಿಂದ ಬಲಗಾಲಿನಲ್ಲಿ ಏನೋ ಒಂಥರಾ ಆಗುತ್ತಿದೆ ಮೇಡಂ ಎಂದೆ. ಹಾಗಾದರೆ ಬುಧವಾರ ಬಂದು ಸರಿಯಾಗಿ ನೋಡುತ್ತೇನೆ, ಅಲ್ಲಿಯವರೆಗೂ ಆ ಕಾಲು ಜೋಪಾನ ಎಂದು ಹೇಳಿ ಸ್ಕೂಟರ್ ಹತ್ತಿದರು. ತಿರುವಿನಲ್ಲಿ ಅವರ ಭುಜ ಕುಲುಕುತ್ತಿದ್ದ ಹಾಗೆ ಕಂಡಿತು. ರಸ್ತೆ ಸರಿಯಿಲ್ಲ ಎಂದುಕೊಂಡೆ.

ಸಂಜೆ ಹಾಲು ಹಾಕಲು ಹೋದ ಅಮ್ಮನಿಗೆ ಮುನೀಂದ್ರಣ್ಣ ವಿಷಯ ತಿಳಿಸಿದ. ಡೈರಿಯಿಂದ ಮನೆ ತಲುಪುವಷ್ಟರಲ್ಲಿ ಅವಳು ತೀರ್ಮಾನಕ್ಕೆ ಬಂದಿದ್ದಳು. ಒಂದು ಕಾಲನ್ನು ಕೊಯ್ದಾಯಿತು, ಇನ್ನೊಂದನ್ನು ಕೊಯ್ಯಲು ಬಿಡುವುದಿಲ್ಲ. ಮಾರನೆ ದಿನ ಆಂಧ್ರದ ಗಡಿ ಕಡೆಯ ಹಳ್ಳಿಯಿಂದ ಅಶ್ವತ್ಥಮ್ಮ ಬಂದಿಳಿದಳು. ಮೂಳೆ ಸರಿಮಾಡಿ ನಾಟಿ ಕಟ್ಟು ಕಟ್ಟುವುದರಲ್ಲಿ ಆ ಕಡೆಯಲ್ಲೆಲ್ಲ ಹೆಸರಾದವಳು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಸೊಪ್ಪು, ಬಿದಿರಿನ ದಬ್ಬೆ, ಹಳೇ ಸೀರೆಯ ಪಟ್ಟಿ. ಅಮ್ಮ ಮೊಟ್ಟೆ ಒಡೆದು ಬಿಳಿ ಬೇರೆ ಮಾಡಿ ಬಟ್ಟಲು ತುಂಬಿಸಿಟ್ಟಿದ್ದಳು.

ಅಶ್ವತ್ಥಮ್ಮ ನನ್ನ ಮುಂದೆ ಕೂತು ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ನೋವಿದೆ ಎಂದು ಹೇಳಿಕೊಂಡಿದ್ದೇನೆ, ಕೂಗದಿದ್ದರೆ ಅನುಮಾನ ಬರುತ್ತದೆ. ಅವಳ ಕೈ ಬರುವುದು ಕಂಡ ಕೂಡಲೇ ಅಮ್ಮಾ ಎಂದು ಕಿರುಚಿದೆ.

"ಇನ್ನಾ ಮುಟ್ಟೇ ಇಲ್ವಲ್ಲೋ ನಾಯನಾ," ಎಂದಳು ಅಶ್ವತ್ಥಮ್ಮ.

ಮುಟ್ಟಿದ ಮೇಲೆ ಕೂಗಲು ಅಭಿನಯ ಬೇಕಾಗಲಿಲ್ಲ. ಹೆಬ್ಬೆರಳಿನಲ್ಲಿ ಎಲ್ಲೆಲ್ಲಿ ಒತ್ತಿದಳೋ ಅಲ್ಲೆಲ್ಲ ನಕ್ಷತ್ರ ಕಂಡವು. ನರದ ಮೇಲೆ ನರ ಹತ್ತಿದೆ ಎಂದು ಅಮ್ಮನಿಗೆ ಹೇಳಿ, ಸೊಪ್ಪು ಅರೆದು, ಮೊಟ್ಟೆಯ ಬಿಳಿ ಸುರಿದು, ತೊಡೆಯಿಂದ ಹಿಮ್ಮಡಿವರೆಗೂ ಬಿದಿರು ಇಟ್ಟು ಬಿಗಿದಳು. ಅಂಗಳಕ್ಕೆ ಬಿಸಿಲು ಬರುವ ಹೊತ್ತಿಗೆ ನನ್ನ ಒಳ್ಳೇ ಕಾಲು ತೊಲೆಯ ಹಾಗೆ ಮಡಿಸಲಾರದಂತಾಗಿತ್ತು. ಅದನ್ನು ನೆಲಕ್ಕೆ ಊರಕೂಡದು ಎಂದು ಆಜ್ಞೆಯಾಯಿತು. ಕುಯ್ದು ಹೊಲಿದ ಕಾಲು ಪಕ್ಕದಲ್ಲಿ ಖಾಲಿ ಕೂತು ಇದನ್ನೆಲ್ಲ ನೋಡುತ್ತಿತ್ತು.

ನೋಡಲು ಟೀಮೆಲ್ಲ ಬಂತು. ಗೋಪಾಲ್ ನನ್ನ ಹಣೆ ಮುಟ್ಟಿ, ನಾನಿದ್ದೀನಿ, ನೀನು ನಿಶ್ಚಿಂತೆಯಾಗಿ ಹೋಗು ಎನ್ನುವ ಹಾಗೆ ತಲೆಯಾಡಿಸಿದ. ಮೊಟ್ಟೆಯ ವಾಸನೆಗೆ ಪಕ್ಕದ ಮನೆಯ ಬೆಕ್ಕು ಕಟ್ಟಿನ ಮೇಲೆ ಪ್ರೀತಿ ಬೆಳೆಸಿಕೊಂಡು ಅದನ್ನು ಬಿಟ್ಟು ಅಲ್ಲಾಡಲಿಲ್ಲ. ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದ್ದು ಅಮ್ಮ. ಕೆಲಸವೆಲ್ಲ ಮುಗಿಸಿ ಬಂದು ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತಳು.

"ಎಲ್ಡು ಕಾಲೂ ಓದ್ರೆ ನೀನು ಎಂಗ್ಲಾ ಇರ್ತೀಯ? ನಿಂಗೆ ಸುಮ್ಕೆ ಕುಂತ್ಕಳಕ್ಕೇ ಬರಕಿಲ್ಲ."

ಬುಧವಾರ ಮೇಡಂ ಬರಲಿ, ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದೆ.

ಬುಧವಾರ ಸಂಜೆ ಅಮ್ಮ ಹುಲ್ಲು ತರಲು ಹೋಗಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಹಾಲು ಕರೆದು ಡೈರಿಗೆ ಹಾಕಬೇಕು. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ, ಬಲಗಾಲು ಫಿರಂಗಿಯ ಹಾಗೆ ಮುಂದಕ್ಕೆ ಚಾಚಿತ್ತು. ಆಗ ಕರು ಹಗ್ಗ ಬಿಚ್ಚಿಕೊಂಡಿತು. ಹಸು ಇದ್ದದ್ದು ಚರಂಡಿಯಾಚೆ, ಹೊಂಗೆ ಮರದ ಕೆಳಗೆ. ಕರು ಅಲ್ಲಿ ತಲುಪಿದರೆ ಕೆಚ್ಚಲು ಖಾಲಿ, ಅಮ್ಮ ಬರಿ ಕ್ಯಾನು ಹಿಡಿದುಕೊಂಡು ಡೈರಿಗೆ ಹೋಗಬೇಕು. ನಾನು ಕೂಗಿದೆ, ಕರು ಲೆಕ್ಕಕ್ಕೆ ಇಡಲಿಲ್ಲ. ಅಮ್ಮನ ದನಿಯಲ್ಲಿ ಕೂಗಿದೆ. ಒಂದು ಗಳಿಗೆ ನಿಂತು ಕಿವಿ ನಿಮಿರಿಸಿತು. ನಕಲಿ ಎಂದು ಗೊತ್ತಾಯಿತೇನೋ, ಬಾಲ ಎತ್ತಿ ಓಡಿತು.

ಆಮೇಲೆ ನಾನು ಜಗಲಿಯ ಮೇಲಿರಲಿಲ್ಲ. ಇಳಿದದ್ದು ನೆನಪಿಲ್ಲ. ಕುಂಟುತ್ತಾ ಕುಂಟುತ್ತಾ ಹೋದದ್ದು, ಎದುರಿಗೆ ಚರಂಡಿ ಬಂದದ್ದು, ಅದರ ಮೇಲೆ ಗಾಳಿಯಲ್ಲಿ ಇದ್ದದ್ದು ನೆನಪಿದೆ. ಆಚೆ ದಡದಲ್ಲಿ ಇಳಿದೆ, ಮಂಡಿ ತಾನಾಗೇ ಮಡಿಸಿಕೊಂಡಿತು, ಎರಡೂ ಕೈ ಕರುವಿನ ಕುತ್ತಿಗೆ ಸುತ್ತಿಕೊಂಡವು. ಕಬಡ್ಡಿಯಲ್ಲಾಗಿದ್ದರೆ ಒಂದು ಪಾಯಿಂಟು. ಯಾವ ಸದ್ದೂ ಆಗಲಿಲ್ಲ. ಸದ್ದಾಗಿದ್ದು ಹಿಂದುಗಡೆ, ಅಮ್ಮ ಹುಲ್ಲಿನ ಹೊರೆ ಕೆಳಗೆ ಹಾಕಿದ್ದು. ಅವಳ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಿಕೊಂಡು ಅನು ಮೇಡಂ ನಿಂತಿದ್ದರು.

ಮೇಡಂ ಓಡಿಬಂದರು. ಯಾರು ಹಾರು ಅಂದದ್ದು ನಿನಗೆ, ಇಷ್ಟು ದಿನ ಮಾಡಿದ್ದೆಲ್ಲ ಹಾಳಾಗಿದ್ದರೆ ಏನು ಗತಿ ಎಂದು ಬೈಯುತ್ತಲೇ ನನ್ನ ಎಡಮಂಡಿ ಹಿಡಿದು ನೋಡಿದರು. ಆಮೇಲೆ ಅವರ ಕಣ್ಣು ಬಲಗಾಲಿನ ಮೇಲೆ ಹೋಯಿತು.

"ಇದೇನಿದು?"

"ನೀನೇ ಏಳಿದ್ದಲ್ಲಮ್ಮ, ಬಲಗಾಲು ಓಯ್ತು ಅಂತ," ಎಂದಳು ಅಮ್ಮ. "ಅದಕ್ಕೇ ಕಟ್ಸಿದೆ."

ನನ್ನನ್ನು ಜಗಲಿಗೆ ಕರೆತಂದು ಕೂರಿಸಿದ ಮೇಡಂ ತಾವೂ ಅಲ್ಲೇ ಕುಸಿದು ಕೂತರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಅಮ್ಮನ ಕೈ ಹಿಡಿದು ಎಲ್ಲ ಹೇಳಿದರು. ಇವನು ಬೇಕೆಂದೇ ಕಡಿಮೆ ಹಾರಿದ್ದು ಗೊತ್ತಾಗಿತ್ತು, ಹಳೇ ಗೆರೆ ಅಲ್ಲೇ ಇತ್ತು, ಸ್ವಲ್ಪ ಹೆದರಿಸಿದರೆ ಬಾಯಿ ಬಿಡುತ್ತಾನೆ ಅಂತ ಹಾಗಂದೆ, ಮನೆಯವರೆಗೂ ಬರುತ್ತದೆ ಎಂದುಕೊಂಡಿರಲಿಲ್ಲ, ತಪ್ಪಾಯಿತಮ್ಮ. ಅಮ್ಮ ನನ್ನ ಹತ್ತಿರ ಬಂದು ಕಟ್ಟು ಬಿಚ್ಚಲು ಶುರು ಮಾಡಿದಳು. ಮೊಟ್ಟೆ ಒಣಗಿ ಕಾಲಿಗೆ ಅಂಟಿಕೊಂಡಿತ್ತು. ಪಟ್ಟಿ ಕೂದಲು ಸಮೇತ ಬಂತು. ಅವಳು ಅವಸರ ಮಾಡಲಿಲ್ಲ, ನಿಧಾನವಾಗಿ, ಒಂದೊಂದೇ ಗೇಣು ಎಳೆದಳು. ಬೈಗುಳಕ್ಕಿಂತ ಅದೇ ಚೆನ್ನಾಗಿ ಅರ್ಥವಾಯಿತು.

ಮೇಡಂ ಮಾತ್ರ ಚರಂಡಿಯ ಹತ್ತಿರ ಹೋಗಿ ಬ್ಯಾಗಿನಿಂದ ಟೇಪು ತೆಗೆದು ಅದರ ಅಗಲ ಹಿಡಿಯುತ್ತಿದ್ದರು. ಎರಡು ಸಲ ಹಿಡಿದರು.

"ಯಾವ ಕಾಲಲ್ಲಿ ಹಾರಿದೆ ಗೊತ್ತಾ?"

ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ಒಂದು ಬಿದಿರಿನೊಳಗಿತ್ತು. ಉಳಿದದ್ದು ಒಂದೇ.

"ದಸರಾದಲ್ಲಿ ಇದರ ಹತ್ತಿರಕ್ಕೂ ಬರಲಿಲ್ಲ ನೀನು. ಶಕ್ತಿ ಆಗಲೇ ಇತ್ತು. ಟೆಸ್ಟಲ್ಲಿ ಯಾಕೆ ಹಾರಲಿಲ್ಲ?"

ಒಂದು ಡೈಲಾಗ್ ಹುಡುಕಿದೆ. ಬಾಯಿಗೆ ಬಂದದ್ದು ನಿಜ.

"ಟೆಸ್ಟಲ್ಲಿ ಎಡಗಾಲು ಎತ್ತುದ್ರೆ ಆ ಟಪ್ ಅನ್ನೋದು ಕೇಳುಸ್ತದೆ ಮೇಡಂ. ಇನ್ನಾ ನೆಲ ಮುಟ್ಟೇ ಇರಾಕಿಲ್ಲ, ಅಷ್ಟ್ರಲ್ಲೇ ಕೇಳುಸ್ತದೆ. ಕಾಲು ತಾನೇ ಇಂದಕ್ಕೆ ಬಂದ್ಬುಡ್ತದೆ."

ಅಮ್ಮನ ಕೈ ಪಟ್ಟಿಯ ಮೇಲೆ ನಿಂತಿತು. ಮೇಡಂ ಬಂದು ನನ್ನ ಪಕ್ಕ ಕೂತರು.

"ಇದನ್ನ ಮೊದಲೇ ಹೇಳಿದ್ರೆ ಇದಕ್ಕೂ ಒಂದು ಎಕ್ಸರ್‌ಸೈಜ್ ಇತ್ತಲ್ಲೋ."

"ಭಯಕ್ಕಾ?"

"ಭಯಕ್ಕೇ. ಅದೂ ಗಾಯದ ಒಂದು ಭಾಗ. ಆಪರೇಷನ್ ಆದವರಲ್ಲಿ ಯಾರನ್ನ ಕೇಳಿದ್ರೂ ಸ್ವಲ್ಪನಾದ್ರೂ ಇದೆ ಅಂತಾರೆ. ಸೊನ್ನೆ ಬರೆಸಿದ್ದು ನೀನೊಬ್ಬನೇ. ಈಗ ಹೇಳು, ಎಷ್ಟು ಬರೀಲಿ?"

"ಒಂಬತ್ತು," ಎಂದೆ. ಸ್ವಲ್ಪ ಯೋಚಿಸಿ ಹೇಳಿದೆ, "ಕರು ಇದ್ರೆ ನಾಕು."

ಮುನೀಂದ್ರಣ್ಣ ಇದನ್ನೆಲ್ಲ ಕೇಳಿ ನನ್ನ ಮುಖವನ್ನೇ ಹಾಲು ನೋಡುವ ಹಾಗೆ ನೋಡಿದ. ಗೋಪಾಲ್ ಮೊದಲ ಏಳರಲ್ಲಿ ಇರುತ್ತಾನೆ, ನಿನ್ನದು ಕೊನೇ ಹೆಸರು, ಅದೂ ಮೇಡಂ ಇನ್ನ ಒಂದ್ಸಲ ಹಾರಿಸಿ ಹೂಂ ಅಂದರೆ ಮಾತ್ರ ಎಂದ. ನನಗೆ ಅಷ್ಟು ಸಾಕಾಗಿತ್ತು.

ಅಲ್ಲಿಂದಾಚೆಗೆ ಮೇಡಂ ಬೇರೆ ಥರ ಕೆಲಸ ಕೊಟ್ಟರು. ಹಾರುವಾಗ ಕಬಡ್ಡಿ ಕಬಡ್ಡಿ ಎನ್ನಬೇಕು, ಅವರು ಕೇಳುವ ಮಗ್ಗಿಗೆ ಉತ್ತರ ಹೇಳಬೇಕು, ಎದುರಿನಿಂದ ಗೋಪಾಲ್ ನುಗ್ಗಿ ಬರುವಾಗ ತಪ್ಪಿಸಿಕೊಂಡು ಎಡಗಾಲಿನ ಮೇಲೆ ಇಳಿಯಬೇಕು. ಮನಸ್ಸಿಗೆ ಬೇರೆ ಕೆಲಸ ಕೊಟ್ಟರೆ ಅದು ಕಾಲಿನ ತಂಟೆಗೆ ಬರುವುದು ಕಡಿಮೆ ಎನ್ನುವುದು ಅವರ ಲೆಕ್ಕ. ಟಪ್ ಎನ್ನುವುದು ಒಂದೇ ಸಲ ಹೋಗಲಿಲ್ಲ. ದಿನಾ ಒಂಚೂರು ದೂರ ಹೋಗುತ್ತಿತ್ತು, ಪಕ್ಕದ ಬೀದಿಯಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ. ಟೀಮಿನವರು ಆಟಕ್ಕೆ ಮುಂಚೆ ಕೋಳಿ ಡ್ಯಾನ್ಸ್ ಮಾಡುವಾಗ ಈಗ ಮುಂದೆ ನಿಂತು ಮಾಡಿಸುವವನು ನಾನು.

ಒಂದು ದಿನ ಕ್ಲಿನಿಕ್ಕಿಗೆ ಹೋದರೆ ಬಾಗಿಲು ತುಂಬ ಮುನಿರಾಜ್ ನಿಂತಿದ್ದ. ಮೇಡಂ ಕರೆಸಿದ್ದರು. ನನ್ನನ್ನು ನೋಡಿ ಅವನು ತಲೆ ತಗ್ಗಿಸಿದ. ನಿನ್ನ ಕಾಲು ಮುರಿದಾಗಿನಿಂದ ಯಾರ ಕಾಲಿಗೆ ಕೈ ಹಾಕಲೂ ಮನಸ್ಸು ಬರುತ್ತಿಲ್ಲ, ಟೀಮಿನಲ್ಲಿ ಬೈಸಿಕೊಳ್ಳುತ್ತಿದ್ದೇನೆ ಎಂದ. ನಾನು ಊರೂರಿಗೆ ಹಂಚಿದ ಕಥೆ ಬಂಗಾರಪೇಟೆಗೂ ತಲುಪಿತ್ತು, ತಲುಪಿ ಅವನ ಮನೆಯಲ್ಲೇ ಕೂತಿತ್ತು. ನಾನೇ ಲ್ಯಾಪ್‌ಟಾಪ್ ತಿರುಗಿಸಿ ಆ ವಿಡಿಯೋ ತೋರಿಸಿದೆ. ಅವನು ನನಗಿಂತ ಹೆಚ್ಚು ಸಲ ನೋಡಿದ.

"ಅಂದ್ರೆ ನಾನು ಮುಟ್ಟೇ ಇಲ್ವಾ?"

"ಇಲ್ಲ ಕಣಣ್ಣ. ನಾನೇ ಬಿದ್ದಿದ್ದು."

ಅವನು ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ನನ್ನ ತಲೆಗೆ ಒಂದು ಬಿಟ್ಟ. ಅದು ನ್ಯಾಯವಾಗಿ ನನಗೆ ಬರಬೇಕಾಗಿತ್ತು. ಆ ದಿನದಿಂದ ವಾರಕ್ಕೊಮ್ಮೆ ನಮ್ಮೂರ ಮೈದಾನಕ್ಕೆ ಬಂದು ನನ್ನ ಎಡಗಾಲಿಗೆ ಹಾರುವ ಕೆಲಸ ಅವನದು, ತಪ್ಪಿಸಿಕೊಳ್ಳುವುದು ನನ್ನದು. ಇಬ್ಬರಿಗೂ ಔಷಧಿ ಒಂದೇ ಎಂದರು ಮೇಡಂ.

ಒಂಬತ್ತು ತಿಂಗಳು ತುಂಬಿದ ಮೇಲೆ ಡೈರಿ ಅಂಗಳದಲ್ಲಿ ಮತ್ತೆ ಟೆಸ್ಟು. ಬಲಗಾಲು ಹಳೇ ಗೆರೆಯ ಮೇಲೆಯೇ ಇಳಿಯಿತು, ಯಾವ ಮುಖವನ್ನೂ ಮಾಡಲಿಲ್ಲ. ಎಡಗಾಲು ಅದಕ್ಕಿಂತ ಅರ್ಧ ಗೇಣು ಹಿಂದೆ. ಮೇಡಂ ಬಗ್ಗಿ ಟೇಪು ನೋಡಿ, ಎದ್ದು ಮುನೀಂದ್ರಣ್ಣನ ಕಡೆ ತಿರುಗಿ ಹೂಂ ಎಂದರು. ಅಷ್ಟು ಸಣ್ಣ ಹೂಂ ಅನ್ನು ಅಷ್ಟು ದೊಡ್ಡದಾಗಿ ನಾನು ಯಾವತ್ತೂ ಕೇಳಿರಲಿಲ್ಲ.

ಬಂಗಾರಪೇಟೆಯಲ್ಲಿ ಎರಡನೇ ಅರ್ಧದವರೆಗೂ ಹೊರಗೆ ಕೂತಿದ್ದೆ. ಗೋಪಾಲ್ ಚೆನ್ನಾಗಿ ಆಡುತ್ತಿದ್ದ, ಡೈಲಾಗ್ ಮಾತ್ರ ಮಗ್ಗಿಯೇ. ಅವನು ಸುಸ್ತಾದಾಗ ಮುನೀಂದ್ರಣ್ಣ ನನ್ನ ಕಡೆ ಬೆರಳು ಮಡಿಸಿದ. ನಾನು ಗೆರೆಯ ಹತ್ತಿರ ಬಂದೆ. ಜನ ಸುಮ್ಮನಾದರು, ಇವನು ಈಗ ಏನೋ ಹೇಳುತ್ತಾನೆ ಎಂದು ಕಾದರು. ಅಮ್ಮ ಹೆಂಗಸರ ಸಾಲಿನಲ್ಲಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅನು ಮೇಡಂ ನನ್ನ ಮುಖ ನೋಡುತ್ತಲೇ ಇರಲಿಲ್ಲ, ಅವರ ಕಣ್ಣು ಮಂಡಿಯ ಮೇಲಿತ್ತು.

ಬರೀ ಕಬಡ್ಡಿ ಎಂದೆ, ಎಡಗಾಲು ಮುಂದಿಟ್ಟು ಗೆರೆ ದಾಟಿದೆ. ಎಡಮೂಲೆಯಲ್ಲಿ ಮುನಿರಾಜ್ ಬಗ್ಗಿದ್ದ. ಒಂದೇ ಕಡೆ ನಕ್ಕ, ನಕ್ಕವನೇ ನೆಲ ಬಿಟ್ಟು ನನ್ನ ಕಾಲಿನ ಮೇಲೆ ಬಂದ. ಒಂದು ವರ್ಷದ ಮೇಲೆ ಮೊದಲ ಸಲ ಮನಸ್ಸಿಟ್ಟು ಹಾರಿದ್ದ. ನಾನೂ ಹಾರಿದೆ. ಎಡಗಾಲಿನ ಮೇಲೆ ಇಳಿದೆ, ಮಂಡಿ ಮಡಿಯಿತು, ತಳ್ಳಿತು, ನಾನು ತಿರುಗಿ ನಮ್ಮ ಕಡೆ ಬಂದು ಬಿದ್ದೆ. ಯಾರನ್ನೂ ಮುಟ್ಟಿರಲಿಲ್ಲ. ಬೋನಸ್ ಗೆರೆಯ ಹತ್ತಿರವೂ ಹೋಗಿರಲಿಲ್ಲ. ರೆಫರಿ ಖಾಲಿ ರೈಡ್ ಎಂದು ಕೈ ಆಡಿಸಿದ. ನಾನು ಮಣ್ಣಿನಲ್ಲಿ ಕೂತು ಹಲ್ಲು ಬಿಡುತ್ತಿದ್ದೆ.

"ಏನ್ಲಾ, ಬರಿಗೈಲಿ ಬಂದೆ?" ಎಂದ ಮುನೀಂದ್ರಣ್ಣ.

"ಎಲ್ಡು ಕಾಲು ತಂದಿವ್ನಲ್ಲಣ್ಣ."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ನೀರು ಬೆರೆತಿರಲಿಲ್ಲ ಎಂದು ಕಾಣುತ್ತದೆ. ಮುಂದಿನ ರೈಡಿಗೂ ನನ್ನ ಹೆಸರನ್ನೇ ಕೂಗಿದ.